ಗುಲಾಬಿ ಬಿಡು, ಜಮೀನು ಹಿಡಿ

ಪ್ರೀತಿಯ ತಂಗೀ,

ಹದಿನೈದನೇ ಶತಮಾನದಲ್ಲಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳು ಪಟ್ಟಕ್ಕಾಗಿ ಹೊಡೆದಾಡಿದ ಇಂಗ್ಲೆಂಡಿನ ಗುಲಾಬಿ ಯುದ್ಧಗಳ ಮೇಲೆ ನೀನು ಬರೆಯುತ್ತಿರುವ ಕಾದಂಬರಿಯ ಕರಡು ಓದಿದೆ. ಮೊದಲ ಪುಟದಲ್ಲೇ ಕೆಂಪು ಗುಲಾಬಿ, ಬಿಳಿ ಗುಲಾಬಿ ಎದುರುಬದುರು ನಿಂತಿವೆ. ತೆಗೆದುಬಿಡು. ಬಿಳಿ ಗುಲಾಬಿ ಯಾರ್ಕ್ ಮನೆತನದ ಹಲವು ಲಾಂಛನಗಳಲ್ಲಿ ಒಂದು, ನಿಜ. ಕೆಂಪು ಗುಲಾಬಿಗೆ ಪ್ರಚಾರ ಸಿಕ್ಕಿದ್ದು 1485ರಲ್ಲಿ ಲ್ಯಾಂಕಾಸ್ಟರ್ ಕಡೆಯ ಹೆನ್ರಿ ಟ್ಯೂಡರ್ ಗೆದ್ದ ಮೇಲೆ. ಕಾಳಗದಲ್ಲಿ ಆಳುಗಳು ಹುಡುಕುತ್ತಿದ್ದದ್ದು ತಮ್ಮ ಒಡೆಯನ ಗುರುತನ್ನು: ಎಡ್ವರ್ಡ್‌ನನ್ನು ಪಟ್ಟಕ್ಕೇರಿಸಿ ಆಮೇಲೆ ಅವನ ವಿರುದ್ಧವೇ ತಿರುಗಿಬಿದ್ದ ಪ್ರಭು ವಾರಿಕ್‌ನ ಕರಡಿ, ಮೂರನೇ ರಿಚರ್ಡ್‌ನ ಬಿಳಿ ಹಂದಿ. 1471ರ ಬಾರ್ನೆಟ್ ಕಾಳಗದ ಮಂಜಿನಲ್ಲಿ ವಾರಿಕ್‌ನ ಜೊತೆಗಾರ ಆಕ್ಸ್‌ಫರ್ಡ್ ಅರ್ಲ್‌ನ ಕಿರಣಗಳುಳ್ಳ ನಕ್ಷತ್ರ ಯಾರ್ಕ್ ಮನೆತನದ ದೊರೆ ನಾಲ್ಕನೇ ಎಡ್ವರ್ಡ್‌ನ ಸೂರ್ಯನಂತೆ ಕಂಡು, ವಾರಿಕ್‌ನ ಕಡೆಯವರು ತಮ್ಮವರ ಮೇಲೇ ಬಿದ್ದರೆಂದು ಆ ಕಾಲದ ಬರಹವೊಂದು ಹೇಳುತ್ತದೆ. ನಿನ್ನ ಬಾರ್ನೆಟ್ ಅಧ್ಯಾಯದಲ್ಲಿ ಮಂಜೇ ಇಲ್ಲ!

ಇದು ದಾಯಾದಿ ಜಗಳ. ಇಲ್ಲಿ ಕನ್ನಡ ನಿನ್ನ ಕೈಹಿಡಿಯುತ್ತದೆ, ನೀನೇ ಬಿಡಿಸಿಕೊಂಡಿದ್ದೀಯ. ಎಲ್ಲರನ್ನೂ ‘ಕಸಿನ್’ ಎಂದರೆ ಹೇಗೆ? ವಾರಿಕ್‌ನ ತಂದೆ ಸಾಲ್ಸ್‌ಬರಿ, ಎಡ್ವರ್ಡ್‌ನ ತಾಯಿ ಸಿಸಿಲಿ ಅಣ್ಣತಂಗಿ. ಅಂದರೆ ಹದಿಮೂರು ವರ್ಷ ದೊಡ್ಡವನಾದ ವಾರಿಕ್, ಎಡ್ವರ್ಡ್‌ಗೆ ಸೋದರಮಾವನ ಮಗ, ನಮ್ಮ ಲೆಕ್ಕದಲ್ಲಿ ಭಾವ. 1461ರಲ್ಲಿ ಎಡ್ವರ್ಡ್‌ನನ್ನು ಪಟ್ಟಕ್ಕೆ ಏರಿಸಿದ್ದು ಈ ಭಾವ. ಅವನು ಫ್ರಾನ್ಸಿನ ಕಡೆಯಿಂದ ಹೆಣ್ಣು ತರುವ ಮಾತುಕತೆಯಲ್ಲಿರುವಾಗ, 1464ರಲ್ಲಿ ಎಡ್ವರ್ಡ್ ಗುಟ್ಟಾಗಿ ಎಲಿಜಬೆತ್ ವುಡ್‌ವಿಲ್‌ಳನ್ನು ಮದುವೆಯಾದ. ಆ ಮುಖಭಂಗ ‘ಭಾವ’ ಎಂಬ ಮಾತಿನಲ್ಲಿ ಕುದಿಯುತ್ತದೆ, ‘ಕಸಿನ್’ನಲ್ಲಿ ತಣ್ಣಗಾಗುತ್ತದೆ.

ಹಕ್ಕಿನ ತಕರಾರನ್ನೂ ಹೀಗೇ ಬಿಡಿಸು. ಲ್ಯಾಂಕಾಸ್ಟರ್‌ನವರು ಹಿಂದಿನ ಶತಮಾನದ ದೊರೆ ಮೂರನೇ ಎಡ್ವರ್ಡ್‌ನ ಮಗ ಜಾನ್ ಆಫ್ ಗಾಂಟ್‌ನಿಂದ ನೇರ ಗಂಡುಸಂತಾನ. ನಾಲ್ಕನೇ ಎಡ್ವರ್ಡ್‌ನ ತಂದೆ, ಯಾರ್ಕ್ ಡ್ಯೂಕ್ ರಿಚರ್ಡ್, ತನ್ನ ತಂದೆಯ ಕಡೆಯಿಂದ ಗಾಂಟ್‌ನ ತಮ್ಮನ ವಂಶ. ಆದರೆ ತಾಯಿ ಆ್ಯನ್ ಮಾರ್ಟಿಮರ್ ಕಡೆಯಿಂದ ಗಾಂಟ್‌ನ ಅಣ್ಣ ಲಯೊನೆಲ್‌ನ ವಂಶ. ಹೆಣ್ಣಿನ ಮೂಲಕ ಬಂದ ಹಿರಿತನ ದೊಡ್ಡದೋ, ಗಂಡಿನ ಮೂಲಕ ಬಂದ ಕಿರಿತನವೋ? ನಮ್ಮ ಹಳ್ಳಿಯ ಪಂಚಾಯ್ತಿಗೂ ಅರ್ಥವಾಗುವ ಪ್ರಶ್ನೆ.

ಆದರೆ ಕಥೆಯನ್ನು ಅರಮನೆಯಿಂದ ಶುರುಮಾಡಬೇಡ. ಉತ್ತರದ ಪರ್ಸಿ ಮತ್ತು ನೆವಿಲ್ (ಸಾಲ್ಸ್‌ಬರಿ, ವಾರಿಕ್‌ರದ್ದು) ಮನೆತನಗಳಿಂದ ಶುರುಮಾಡು. ಒಂದು ಕಾಲಕ್ಕೆ ಪರ್ಸಿಗಳದ್ದಾಗಿದ್ದ ರೆಸಲ್ ಕೋಟೆ ಕ್ರಾಮ್‌ವೆಲ್ ಪ್ರಭುವಿನ ಕೈಸೇರಿತ್ತು. ಅವನ ಸೋದರಿಯ ಮಗಳು ಮಾಡ್ ಸ್ಟ್ಯಾನ್‌ಹೋಪ್ ಅವನ ವಾರಸುದಾರರಲ್ಲೊಬ್ಬಳು. ಅವಳನ್ನು ಸಾಲ್ಸ್‌ಬರಿಯ ಮಗ ಥಾಮಸ್ ನೆವಿಲ್ ಮದುವೆಯಾದ, ಕೋಟೆ ನೆವಿಲ್‌ಗಳ ಪಾಲಾಗುವಂತಾಯಿತು. 1453ರ ಆಗಸ್ಟ್ 24ರಂದು, ಮದುವೆ ಮುಗಿಸಿ ಬರುತ್ತಿದ್ದ ದಿಬ್ಬಣವನ್ನು ಯಾರ್ಕ್ ಪಟ್ಟಣದ ಬಳಿ ಹೀವರ್ತ್ ಬಯಲಲ್ಲಿ ಪರ್ಸಿಗಳ ಜನ ಅಡ್ಡಗಟ್ಟಿದರು. ಅದೇ ತಿಂಗಳು ಲ್ಯಾಂಕಾಸ್ಟರ್ ಮನೆತನದ ದೊರೆ ಆರನೇ ಹೆನ್ರಿಗೆ ಬುದ್ಧಿ ಮಂಕಾಗಿ, ಜಗಳ ಬಿಡಿಸುವವರೇ ಇಲ್ಲವಾದರು. ಪರ್ಸಿಗಳು ಅರಮನೆಯ ಕಡೆ ವಾಲಿದರು, ನೆವಿಲ್‌ಗಳು ಯಾರ್ಕ್ ಕಡೆ. 1455ರ ಮೇ 22ರಂದು ಸೇಂಟ್ ಆಲ್ಬನ್ಸ್‌ನ ಬೀದಿಗಳಲ್ಲಿ ಎರಡೂ ಕಡೆಯವರು ಕಾದಾಡಿದಾಗ ಸತ್ತವರು ಹೆಚ್ಚಿಲ್ಲ, ಆದರೆ ಸತ್ತವರಲ್ಲಿ ಅರಮನೆಯ ಕಡೆಯ ಪ್ರಭುಗಳಾದ ಸಾಮರ್ಸೆಟ್, ಕ್ಲಿಫರ್ಡ್ ಮತ್ತು ಪರ್ಸಿಗಳ ಹಿರಿಯ ನಾರ್ತಂಬರ್ಲೆಂಡ್ ಇದ್ದರು. ಅವರ ಮಕ್ಕಳು ಸೇಡು ಹೊತ್ತು ಬೆಳೆದಿದ್ದು ನಿನ್ನ ಎರಡನೇ ಭಾಗಕ್ಕೆ ಸಾಕಾದಷ್ಟಿದೆ.

ಹೆಸರುಗಳು ಕಾಡುತ್ತವೆ. ಸಾಲ್ಸ್‌ಬರಿಯೂ ರಿಚರ್ಡ್ ನೆವಿಲ್, ಮಗ ವಾರಿಕ್ ಕೂಡ ರಿಚರ್ಡ್ ನೆವಿಲ್. ಪದವಿಯ ಹೆಸರಲ್ಲೇ ಕರೆ, ನಡುವೆ ಬದಲಿಸಬೇಡ.

ಟೌಟನ್ ಕಾಳಗ (1461ರ ಮಾರ್ಚ್ 29) ಬರೆಯುವಾಗ ಬಾಣಗಳನ್ನು ಎಣಿಸು. ಒಂದು ಕಟ್ಟಿಗೆ 24. ನಿಮಿಷಕ್ಕೆ ಹತ್ತು ಬಿಟ್ಟರೆ ಎರಡೂವರೆ ನಿಮಿಷಕ್ಕೆ ಖಾಲಿ. ನೀನು ಮಧ್ಯಾಹ್ನವಿಡೀ ಸುರಿಸಿದ್ದೀಯ, ಹೊತ್ತು ತಂದ ಗಾಡಿ ಒಂದೂ ಇಲ್ಲ. ಅಂದು ಹಿಮ ಬೀಳುತ್ತಿತ್ತು, ಗಾಳಿ ಯಾರ್ಕ್ ಸೈನ್ಯದ ಬೆನ್ನಿಗಿತ್ತು. ಲ್ಯಾಂಕಾಸ್ಟರ್‌ನವರ ಬಾಣ ಗುರಿಗಿಂತ ಮೊದಲೇ ನೆಲಕಚ್ಚಿದ್ದು ಅದಕ್ಕೇ. ಸತ್ತವರು 28,000 ಎಂಬ ಲೆಕ್ಕವನ್ನು ಯಾವುದಾದರೂ ಪಾತ್ರದ ಬಾಯಲ್ಲಿ ಹೇಳಿಸು, ನಿರೂಪಕಿಯಾಗಿ ನೀನು ಹೇಳಬೇಡ. ಹಲವು ಇತಿಹಾಸಕಾರರು ನಂಬುವುದಿಲ್ಲ.

ನಾಲ್ಕನೇ ಅಧ್ಯಾಯದ ಔತಣದಲ್ಲಿ ಆಲೂಗಡ್ಡೆ ಬಡಿಸಿದ್ದೀಯ. ಅದು ಯುರೋಪಿಗೆ ಬಂದದ್ದು ಮುಂದಿನ ಶತಮಾನದಲ್ಲಿ. ಬಟಾಣಿ ಬಡಿಸು. ಮುಂದಿನ ಕರಡಿನ ಜೊತೆ ನಿನ್ನ ಕೈಯಲ್ಲೇ ಬರೆದ ವಂಶವೃಕ್ಷವನ್ನೂ ಕಳಿಸು, ಹೆಣ್ಣುಮಕ್ಕಳ ಹೆಸರು ಬಿಡದೆ.

ನಿನ್ನ ಅಕ್ಕ