ನಾನು ನೋಡದ ಕುಡಗೋಲು

ತಂಗೀ,

ಸುಳ್ಳು ಕೇಸಿನಲ್ಲಿ ಗಲ್ಲಿಗೇರುವ ಮಗನ ಬಗ್ಗೆ ಕುಷ್ಟಗಿಯಿಂದ ನೀನು ಕಳಿಸಿದ ಕಥೆ ಬಂತು, ಜೊತೆಗೆ ಆ ಚೀಟಿಯೂ. ಮೂರು ಕಡೆಯಿಂದ ವಾಪಸ್ ಬಂದಿದೆ, ಇನ್ನು ಬರೆಯುವುದೇ ಬಿಡುತ್ತೇನೆ ಅಂದಿದ್ದೀಯ. ಬಿಡು, ಯಾರೂ ಅಳುವುದಿಲ್ಲ. ಆದರೆ ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಮೇಲೆ ತಾಯಿ ಮಗನ ಅಂಗಿಗೆ ಗುಂಡಿ ಹೊಲಿಯುವ ಆ ಅರ್ಧ ಪುಟ ಇದೆಯಲ್ಲ, ಅದನ್ನು ಓದಿ ನನ್ನ ಚಹಾ ಆರಿಹೋಯಿತು. ಅದಕ್ಕೇ ಈ ಪತ್ರ.

ಕಾಗುಣಿತ, ಪ್ಯಾರಾ, ಎಷ್ಟು ಪುಟ ಇರಬೇಕು ಇವೆಲ್ಲ ನನ್ನನ್ನು ಕೇಳಬೇಡ. ಬಳ್ಳಾರಿ ಜೈಲಿನಲ್ಲಿ ಗಲ್ಲಿಗೆ ಹಾಕಿಸಿದ್ದೀಯ, ನಮ್ಮಲ್ಲಿ ಗಲ್ಲುಕಂಬ ಇರುವುದು ಬೆಳಗಾವಿಯ ಹಿಂಡಲಗಾದಲ್ಲಿ. ಕೊಪ್ಪಳದ ಜಡ್ಜ್ ಗಲ್ಲು ಅಂದ ತಿಂಗಳಿಗೇ ನೇಣು ಬೀಳುವುದೂ ಇಲ್ಲ. ಧಾರವಾಡದ ಹೈಕೋರ್ಟ್ ಪೀಠ ಒಪ್ಪಬೇಕು, ಆಮೇಲೆ ಸುಪ್ರೀಂ ಕೋರ್ಟ್, ಆಮೇಲೆ ರಾಷ್ಟ್ರಪತಿಗೆ ಅರ್ಜಿ. ಇಷ್ಟು ತಿದ್ದಿಕೋ, ಸಾಕು.

ನನ್ನ ಸಿಟ್ಟು ನಿನ್ನ ವಕೀಲನ ಮೇಲೆ. ನಾಲ್ಕು ಪುಟ ಭಾಷಣ ಮಾಡುತ್ತಾನೆ! 'ಅಪರೂಪದಲ್ಲಿ ಅಪರೂಪದ ಪ್ರಕರಣ'ಕ್ಕೆ ಮಾತ್ರ ಗಲ್ಲು ಅಂತ 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು, 2015ರಲ್ಲಿ ಭಯೋತ್ಪಾದನೆ, ದೇಶದ ಮೇಲೆ ಯುದ್ಧ ಸಾರುವುದು ಬಿಟ್ಟು ಉಳಿದದ್ದಕ್ಕೆ ಗಲ್ಲು ತೆಗೆಯಿರಿ ಅಂದ ಕಾನೂನು ಆಯೋಗ, ಎಲ್ಲ ಇದೆ. ಎಲ್ಲ ಸರಿಯೂ ಇದೆ. ಆದರೆ ನಿನ್ನ ಪೊಲೀಸರೆಲ್ಲ ಕೆಟ್ಟವರು, ವಕೀಲ ದೇವರಂಥವನು, ಸುಳ್ಳು ಎಲ್ಲಿಂದಲೋ ಸುಮ್ನೆ ಉದುರಿದೆ. ಹಾಗೆ ಉದುರುವುದಿಲ್ಲ ತಂಗೀ.

ಮಹಾರಾಷ್ಟ್ರದ ಆರು ಜನರ ಕೇಸು ನೋಡು. ಅಲೆಮಾರಿ ಸಮುದಾಯದವರು, 2003ರ ಕೊಲೆ ಪ್ರಕರಣ. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಗಲ್ಲು ಅಂತು, ಅದರಲ್ಲಿ ಮೂವರಿಗೆ ಹೈಕೋರ್ಟ್ ಜೀವಾವಧಿಗೆ ಇಳಿಸಿದ್ದ ಶಿಕ್ಷೆಯನ್ನು ಮತ್ತೆ ಗಲ್ಲು ಶಿಕ್ಷೆ ಮಾಡಿತು. 2019ರಲ್ಲಿ ಅದೇ ಕೋರ್ಟ್ ಇವರು ನಿರಪರಾಧಿಗಳು ಅಂತು, ತಲಾ 5 ಲಕ್ಷ ಕೊಡಿ ಅಂತು. ಬದುಕಿ ಉಳಿದ ಸಾಕ್ಷಿ ಮೊದಲೇ ಪೊಲೀಸರ ಫೋಟೋಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಆ ನಾಲ್ವರ ಹಿಂದೆ ಯಾರೂ ಹೋಗಲೇ ಇಲ್ಲ. ಆ ಗುರುತಿಸಿದ ಕಾಗದದ ಮೇಲೆ ಎಷ್ಟು ಜನರ ಕೈ ಆಡಿರಬೇಕು ಯೋಚಿಸು. ಎಲ್ಲರೂ ರಾಕ್ಷಸರಾ? ಮನೆಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವರೇ ಅಲ್ವಾ?

ನನ್ನ ವಿಷಯ ಹೇಳುತ್ತೇನೆ. ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಜೋಡಿ ಕೊಲೆ ಆಗಿತ್ತು. ಒಂದು ಸಂಜೆ ಠಾಣೆಗೆ ಕರೆಸಿದರು. ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಏನೋ ಒಂದು, ಅರಗಿನ ವಾಸನೆ ಇನ್ನೂ ಹೋಗಿರಲಿಲ್ಲ. 'ಸರ, ಇಲ್ಲೊಂದು ಸಹಿ ಹಾಕ್ರಿ, ಚಹಾ ಕುಡದು ಹೋಗ್ರಿ.' ಹಾಕಿದೆ. ಆರೋಪಿ ತೋರಿಸಿಕೊಟ್ಟ ಜಾಗದಲ್ಲಿ ಪಂಚರ ಸಮಕ್ಷಮ ಕುಡಗೋಲು ಜಪ್ತಿ ಮಾಡಲಾಯಿತು ಅಂತ ಬರೆದಿತ್ತು. ಪಂಚ ಅಂದರೆ ಜಪ್ತಿಯನ್ನು ಕಣ್ಣಾರೆ ನೋಡಿ ಸಹಿ ಹಾಕುವ ಸಾಕ್ಷಿ. ಆ ಪಂಚ ನಾನು. ಜಾಗವನ್ನೂ ನೋಡಿರಲಿಲ್ಲ, ಕುಡಗೋಲನ್ನೂ ನೋಡಿರಲಿಲ್ಲ. ಚಹಾ ಚೆನ್ನಾಗಿತ್ತು.

ಕೋರ್ಟಿನಲ್ಲಿ ಕೇಳಿದರು, ನಿಮ್ಮದೇ ಸಹಿಯಾ? ಹೌದು ಸ್ವಾಮಿ. ಎಲ್ಲಿ ಸಿಕ್ಕಿತು? ಬಾವಿ ದಂಡೆಯಲ್ಲಿ ಅಂದೆ. ಸರ್ಕಾರಿ ವಕೀಲರು ಗಲ್ಲು ಕೇಳಿದರು, ಜಡ್ಜ್ ಜೀವಾವಧಿ ಕೊಟ್ಟರು.

ನಾಲ್ಕು ವರ್ಷ ಬಿಟ್ಟು ನಾನು ಅದನ್ನೇ ಕಥೆ ಮಾಡಿದೆ. ಕಥೆಯ ಮೇಷ್ಟ್ರು ಕಟಕಟೆಯಲ್ಲಿ ನಿಂತು ನಿಜ ಹೇಳುತ್ತಾನೆ! ಬಹುಮಾನ ಬಂತು, ಶಾಲು ಹೊದಿಸಿದರು. ಒಬ್ಬ ವಿಮರ್ಶಕರು 'ಎದೆಗಾರಿಕೆಯ ಬರಹ' ಅಂದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟು, ಪಾಪ ಅವರ ತಪ್ಪೇನೂ ಇಲ್ಲ. ನಾನು ಶಾಲು ಹೊದ್ದುಕೊಂಡ ದಿನ ಆ ಮನುಷ್ಯ ಬಳ್ಳಾರಿ ಜೈಲಿನಲ್ಲಿದ್ದ.

ಏಳನೇ ವರ್ಷಕ್ಕೆ ಬೆಂಗಳೂರಿನ ಹೈಕೋರ್ಟ್ ಅವನನ್ನು ಬಿಟ್ಟಿತು. ಕಲಬುರಗಿಗೆ ಪೀಠ ಬಂದದ್ದು 2008ಕ್ಕೆ, ಆಗ ಎಲ್ಲದಕ್ಕೂ ಬೆಂಗಳೂರೇ. ಬಿಟ್ಟದ್ದು ಯಾಕೆ ಗೊತ್ತಾ? ನಾನು ಬಾವಿ ದಂಡೆ ಅಂದಿದ್ದೆ, ಇನ್ನೊಬ್ಬ ಪಂಚ ಜಾಲಿ ಬೇಲಿ ಅಂದಿದ್ದ. ಇಬ್ಬರೂ ನೋಡದೇ ಹೇಳಿದ ಸುಳ್ಳು ಒಂದಕ್ಕೊಂದು ಹೊಂದಲಿಲ್ಲ, ಅವನು ಬದುಕಿದ. ಹೊಂದಿದ್ದರೆ?

ಆಮೇಲೆ ಒಮ್ಮೆ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲೇ ಬಂದು ಕೂತ. ಕೂದಲು ಬೆಳ್ಳಗಾಗಿತ್ತು. 'ಮಾನ್ವಿ ಗಾಡಿ ಎಷ್ಟಕ್ಕ ಐತ್ರೀ?' ಅಂತ ಕೇಳಿದ. ಬೋರ್ಡ್ ನೋಡಿ ಹೇಳಿದೆ. ನನ್ನ ಗುರುತು ಅವನಿಗೆ ಹತ್ತಲಿಲ್ಲ, ನಾನೂ ಹೇಳಲಿಲ್ಲ.

ನಿನ್ನ ಕಥೆಯಲ್ಲಿ ಪಂಚರೇ ಇಲ್ಲ. ವಕೀಲನ ಭಾಷಣ ಪೂರ್ತಿ ತೆಗೆ, ಆ ಜಾಗಕ್ಕೆ ಅವರನ್ನು ತಾ. ಒಬ್ಬನಿಗೆ ಕಿರಾಣಿ ಅಂಗಡಿ ಇರಲಿ, ಇನ್ನೊಬ್ಬ ಮೇಷ್ಟ್ರೇ ಆದರೂ ನನಗೆ ಬೇಜಾರಿಲ್ಲ. ಆದರೆ ಅವನ ಕೈಯಲ್ಲಿ ಕೋರ್ಟಿನಲ್ಲಿ ನಿಜ ಹೇಳಿಸಿದರೆ ಕಥೆ ಹರಿದು ವಾಪಸ್ ಕಳಿಸುತ್ತೇನೆ. ಗುಂಡಿಯ ಅರ್ಧ ಪುಟ ಮಾತ್ರ ಮುಟ್ಟಬೇಡ. ಉಗಾದಿ ಒಳಗೆ ಕಳಿಸು, ಆಮೇಲೆ ನನ್ನ ಕಣ್ಣಿನ ಆಪರೇಷನ್ ಇದೆ.