ಡಯಾಸಿಸ್ ಕೌನ್ಸಿಲಿಗೆ ಹೆಸರು ಕೊಡುವ ಬಗ್ಗೆ

ಸಭೆಯ ಎಲ್ಲರಿಗೂ ನಮಸ್ಕಾರ. ಡಯಾಸಿಸ್ ಕೌನ್ಸಿಲಿಗೆ, ಅಂದ್ರೆ ನಮ್ಮ ಬಿಷಪ್ರ ಕೆಳಗಿನ ಸಭೆಗಳ ಪ್ರತಿನಿಧಿಗಳೆಲ್ಲ ಸೇರುವ ಕೂಟಕ್ಕೆ, ನಮ್ಮ ಪ್ರತಿನಿಧಿಗಳ ಹೆಸರು ಕಳಿಸ್ಲಿಕ್ಕುಂಟು, ಭಾನುವಾರ ಆರಾಧನೆ ಮುಗಿದ ಕೂಡ್ಲೆ ಹಾಲಲ್ಲಿ ಕೂತು ಮಾತಾಡುವ, ದಯವಿಟ್ಟು ಚಾ ಕುಡ್ದು ಹಾಗೇ ಹೊರಡ್ಬೇಡಿ. ಇಂಥ ಕೂಟ ಅಂದ್ರೆ ಬರೀ ಇಲೆಕ್ಷನ್, ಲೆಕ್ಕಪತ್ರ ಅಂತ ಸುಮಾರು ಜನ ಹಿಂದೆ ಸರೀತಾರೆ, ನಂಗೆ ತುಂಬಾ ಬೇಜಾರಾಗೋದು ಅದಕ್ಕೇ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗ್ಳೂರಿಗೆ ಬಂದಲ್ಲಿಂದ ಬೆಳೆದ ಸಭೆಗಳು ನಮ್ದು. ಇನ್ನು ನಮ್ಮ ಸಿಎಸ್‌ಐ, ಅಂದ್ರೆ ಬೇರೆಬೇರೆ ಸಭೆಗಳು ಒಂದಾದ ಚರ್ಚ್ ಆಫ್ ಸೌತ್ ಇಂಡಿಯಾ, ಆದದ್ದು 1947ರಲ್ಲಿ, ಆದ್ರೆ ಅದರ ಮಾತುಕತೆ 1919ರಲ್ಲೇ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾಗಿತ್ತು, ಆಂಗ್ಲಿಕನ್ರು, ಮೆಥಡಿಸ್ಟ್ರು, ಸೌತ್ ಇಂಡಿಯಾ ಯುನೈಟೆಡ್ ಚರ್ಚಿನವ್ರು ಅಷ್ಟು ವರ್ಷ ಬಿಷಪ್ರ ವಿಷಯ, ಪಾದ್ರಿಗಳ ಅಭಿಷೇಕದ ವಿಷಯ ಎಲ್ಲಾ ಚರ್ಚೆ ಮಾಡಿ, ಬೇಸತ್ತು ಎದ್ದು ಹೋಗದೆ ಕೂತ್ರು ಅಲ್ವಾ.

ಬೆಳೆ ಹಬ್ಬದ ಏಲಂನಲ್ಲಿ ಒಂದು ಕಟ್ಟು ಹರಿವೆಗೆ, ಒಂದು ಮಂಗ್ಳೂರು ಸೌತೆಗೆ ಪೈಪೋಟಿಯಲ್ಲಿ ಕೂಗುವ ನಮ್ಮವ್ರು ಕೌನ್ಸಿಲಲ್ಲಿ ಮಾತ್ರ ಬಾಯಿ ಬಿಡೋದೇ ಇಲ್ಲ! ಸಂಡೇಸ್ಕೂಲ್ ಮಕ್ಕಳು ಯಾಕೆ ಕಮ್ಮಿ ಆಗ್ತಿದ್ದಾರೆ, ಗಲ್ಫಲ್ಲಿ ಮಕ್ಕಳಿದ್ದು ಇಲ್ಲಿ ಒಬ್ರೇ ಇರುವ ಹಿರಿಯರನ್ನ ಯಾರು ನೋಡೋದು, ಇದನ್ನ ಅಲ್ಲಿ ಎದ್ದು ನಿಂತು ಹೇಳುವವರು ಬೇಕು. ಸ್ತ್ರೀಯರ ಕೂಟದಿಂದ ಒಬ್ರು, ಯೂತಿಂದ ಒಬ್ರು ಖಂಡಿತ ಇರ್ಲಿ ಅಂತ ನನ್ನ ಆಸೆ. ನಡೀಲಿಕ್ಕೆ ಕಷ್ಟ ಇರುವ ಅಜ್ಜಿಯಂದ್ರಿಗೆ ರಿಕ್ಷಾ ಕಳಿಸ್ತೇವೆ, ಶನಿವಾರ ಸಂಜೆ ಒಳಗೆ ನಂಗೆ ಒಂದು ಫೋನ್ ಮಾಡಿ.