ಮಗಳಿಗೊಂದು ಪತ್ರ: ಆರ್ಟ್ ಕಾಲೇಜು ಯಾರ ಸಲುವಾಗಿ?

ಪ್ರೀತಿಯ ಮಗಳ,

ನಿನ್ನ ಮೆಸೇಜು ರಾತ್ರಿನ ನೋಡಿದ್ನಿ, ಆದ್ರ ಅಂಥಾ ಪ್ರಶ್ನೆಗೆ ಮೊಬೈಲ್‌ನ್ಯಾಗ ಎರಡು ಸಾಲು ಟೈಪ್ ಮಾಡಿ ಮುಗಿಸೋದು ಸರಿ ಅನ್ನಿಸ್ಲಿಲ್ಲ. ಇವತ್ತು ಪ್ರೆಸ್ಸಿನ್ಯಾಗ ಕೆಲಸ ಕಡಿಮಿ ಐತಿ, ಲಗ್ನದ ಸೀಸನ್ ಇನ್ನೂ ಶುರು ಆಗಿಲ್ಲ, ಅದಕ್ಕ ಕಂಪ್ಯೂಟರ್ ಮುಂದ ಕುಂತು ನಿಧಾನಕ್ಕ ಬರ್ಯಾಕತ್ತೀನಿ. ಡಿಸೈನ್ ಕಾಲೇಜಿನ್ಯಾಗ ಎಲ್ಲಾರಿಗೂ ಮೊದ್ಲು ಕಲಿಸೋ ಫೌಂಡೇಶನ್ ಕೋರ್ಸ್ ಮುಗೀತು, ಇನ್ನ ಯಾವ ಬ್ರಾಂಚ್ ತಗೋಬೇಕು ಅಂತ ಕೇಳಿದ್ದೀ. ಸೀನಿಯರ್ಸ್ ಎಲ್ಲಾ ಯುಎಕ್ಸ್ (ಆ್ಯಪ್, ಮಷೀನು ಬಳಸೋರಿಗೆ ಸರಳ ಆಗುವಂಗ ರೂಪಿಸೋ ಡಿಸೈನ್) ತಗೋ, ಪ್ಯಾಕೇಜ್ ಛಲೋ ಐತಿ, ಉಳಿದದ್ದು ಟೈಮ್ ವೇಸ್ಟ್ ಅನ್ನಾಕತ್ತಾರ ಅಂತನೂ ಬರ್ದಿದ್ದೀ. ಕಡೀಕ, "ಅಪ್ಪಾ, ನಮ್ಮ ಕಾಲೇಜಿನ ಪ್ರಾಸ್ಪೆಕ್ಟಸ್‌ನ್ಯಾಗ ಮಿಷನ್ ಅಂತ ಅಷ್ಟುದ್ದ ಬರ್ದಾರ, ನಿಜವಾಗ್ಲೂ ಕಾಲೇಜು ಅಂದ್ರ ಪ್ಲೇಸ್‌ಮೆಂಟ್ ಸೆಲ್ ಅಷ್ಟನಾ?" ಅಂತ ಕೇಳಿದ್ದೀ.

ಅಲ್ಲವಾ ತಂಗಿ. ನಾ ಆರ್ಟ್ ಕಾಲೇಜು ಕಲ್ತಾಂವ ಅಲ್ಲ, ಆದ್ರ ನಿಮ್ಮಜ್ಜನ ಕಾಲಿಂದ ತುಳಿಯೋ ಟ್ರೆಡಲ್ ಅಚ್ಚು ಮಷೀನಿನ ಕಾಲದಿಂದ ಈ ಪ್ರೆಸ್ಸಿನ್ಯಾಗ ಇದ್ದೀನಿ, ಸೀಸದ ಅಕ್ಷರದ ಮೊಳೆ ಜೋಡ್ಸೋದು ನೋಡೀನಿ, ಆಫ್‌ಸೆಟ್ ಬಂದದ್ದು ನೋಡೀನಿ, ಫ್ಲೆಕ್ಸ್ ಬಂದು ಬೋರ್ಡ್ ಬರ್ಯೋ ಪೇಂಟರ್‌ಗಳು ಒಬ್ಬೊಬ್ಬರ ಕುಂಚ ಕೆಳಗಿಟ್ಟದ್ದೂ ನೋಡೀನಿ. ಡಿಸೈನ್ ಅನ್ನೋದು ಇಲ್ಲಿ ಕೊಪ್ಪಳದ ಬಜಾರದಾಗ ಹೆಂಗ ಬಂದು ಮುಟ್ಟತೈತಿ ಅನ್ನೋದು ನನಗ ಗೊತ್ತೈತಿ. ಆ ಕಡಿಂದ ನೋಡಿ ಹೇಳಾಕತ್ತೀನಿ ಅಂತ ತಿಳ್ಕೋ.

ಮೊದ್ಲು ಪ್ಯಾಕೇಜಿನ ಮಾತು. ಎಜುಕೇಶನ್ ಲೋನ್ ತಗೊಂಡೀವಿ, ಅದನ್ನ ತೀರಿಸ್ಬೇಕು, ನೀ ದುಡೀಬೇಕು, ಅದರಾಗ ಸಣ್ಣ ಮಾತು ಏನಿಲ್ಲ. ಆದ್ರ ಇಂಥಾ ಕಾಲೇಜುಗಳು ಹುಟ್ಟಿದ್ದು ಯಾಕ ಅಂತ ಒಂದು ಸಲ ನೋಡು. ಮೈಸೂರಿನ ಸಯ್ಯಾಜಿರಾವ್ ರಸ್ತ್ಯಾಗ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನ ಹಳೇ ಕಟ್ಟಡ ಐತೆಲ್ಲ, ಅದರ ಅಡಿಗಲ್ಲು ಇಟ್ಟದ್ದು 1906ರಾಗ. ಮರಗೆಲಸ, ಕೆತ್ತನಿ, ಬೀಟಿ ಮರದಾಗ ಇನ್‌ಲೇ (ಮರ ಕೊರೆದು ಬ್ಯಾರೆ ತುಂಡು ಕೂಡಿಸೋ ಕೆಲಸ), ಇಂಥಾವು ಮನಿತನದಾಗ ಅಪ್ಪನಿಂದ ಮಗನಿಗೆ ಬರ್ತಿದ್ದ ಕಸುಬು, ಅವನ್ನ ಕ್ಲಾಸಿನ್ಯಾಗ ತಂದ್ರು, ಚಿತ್ರ ಬರ್ಯೋರ ಜೋಡಿ ಕುಂಡ್ರಿಸಿದ್ರು. ಆಮ್ಯಾಲ ಅದರ ಬೇರಿನಿಂದನ ಈಗಿನ ಕಾವಾ ಅನ್ನೋ ಮೈಸೂರಿನ ಕಲಾ ಕಾಲೇಜು ಬಂತು. ಅಂದ್ರ ನಮ್ಮ ರಾಜ್ಯದಾಗ ಕಲಾ ಶಾಲೆ ಅನ್ನೋದು ಕಸುಬುದಾರರ ಜೋಡಿನ ಹುಟ್ಟೇತಿ, ಅವರನ್ನ ಹೊರಗ ನಿಲ್ಲಿಸಿ ಅಲ್ಲ.

ಬೆಂಗಳೂರಿನ ಚಿತ್ರಕಲಾ ಪರಿಷತ್ತೂ ಹಂಗ. 1960ರಾಗ ಶುರು ಆತು, ಆರ್ಯಮೂರ್ತಿ ಅವರು, ಎಂ.ಎಸ್. ನಂಜುಂಡರಾವ್ ಅವರು ಕಟ್ಟಿದ್ದು. ನಂಜುಂಡರಾವ್ ಮಾಡಿದ ಒಂದು ಕೆಲಸ ನನಗ ಎಲ್ಲಕ್ಕಿಂತ ದೊಡ್ಡದು ಅನ್ನಿಸ್ತೈತಿ. ತೊಗಲುಗೊಂಬಿ ಆಡಸೋರು ಮಳಿ ಬರ್ಲಿ, ಬೆಳಿ ಬರ್ಲಿ ಅಂತ ಊರೂರು ತಿರುಗಿ ಆಟ ಆಡ್ತಿದ್ರಲ್ಲ, ಆ ಗೊಂಬಿಗಳು ಹರಿದು, ಮಾಸಿ, ಹಾಳಾಗಿ ಹೋಗೂ ಹೊತ್ತಿನ್ಯಾಗ ಅವರು ಅವನ್ನ ಹುಡುಕಿ ಕೂಡಿಸಿದ್ರು, ಅಭ್ಯಾಸ ಮಾಡಿದ್ರು, ಮೈಸೂರು ಶೈಲಿಯ ಚಿತ್ರಗಳನ್ನೂ ಹಂಗ ಉಳಿಸಿದ್ರು. ಕುಮಾರಕೃಪಾ ರಸ್ತೆಯ ಆ ಗ್ಯಾಲರಿಯೊಳಗ ಗಾಜಿನ ಹಿಂದ ನಿಂತ ರಾವಣನ್ನ ನಿಮ್ಮವ್ವ ನೋಡಿ, ಇದು ನಮ್ಮ ಕಡೀದ ಗೊಂಬಿ ಅಂದ್ಲು, ನೆನಪೈತಲ್ಲ. ಅಲ್ಲಿ ಕಲಿಯೋ ಹುಡುಗ ದಿನಾ ಊಟಕ್ಕ ಹೋಗೋವಾಗ ಅದರ ಮುಂದ ಹಾಯ್ದು ಹೋಗ್ತಾನ, ಆ ಗೆರಿ, ಆ ಕೆಂಪು, ತೊಗಲಿನ ಮ್ಯಾಲ ತೂತು ಕೊರೆದು ಬೆಳಕು ಬಿಡೋ ಲೆಕ್ಕ ಅವನ ಕಣ್ಣಾಗ ಕುಂಡ್ರತೈತಿ. ಕಲಾ ಕಾಲೇಜಿನ ಮೊದಲ ಕೆಲಸ ಇದು ಅಂತೀನಿ ನಾನು. ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬಿ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂತು, ಆಗ ಎಲ್ಲಾರೂ ಸ್ಟೇಟಸ್ ಹಾಕಿದ್ರು, ಛಲೋ ಆತು. ಆದ್ರ ಪ್ರಶಸ್ತಿ ಬರೂಕಿಂತ ಎಷ್ಟೋ ವರ್ಷ ಮೊದ್ಲು ಆ ಕಲೆಗೆ ಒಂದು ಸೂರು ಬೇಕಾಗಿತ್ತು, ಅದನ್ನ ಕಟ್ಟಿಕೊಟ್ಟೋರೊಳಗ ಒಂದು ಕಲಾ ಶಾಲೆಯವರೂ ಇದ್ರು.

ಪರಿಷತ್ತು ನಡೆಸೋ ಚಿತ್ರಸಂತಿನೂ ಅದರ ಮುಂದಿನ ಮಾತು. ವರ್ಷಕ್ಕೊಮ್ಮೆ ಇಡೀ ರಸ್ತೆ ಬಂದ್ ಮಾಡಿ, ದೇಶದ ಎಲ್ಲಾ ಕಡಿಂದ ಬಂದ ಕಲಾವಿದರು ಫುಟ್‌ಪಾತ್ ಮ್ಯಾಲ ಚಿತ್ರ ಹಚ್ಚಿ ಕುಂಡ್ರತಾರ. ಆಟೋ ಓಡ್ಸೋರು, ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳು, ಯಾರು ಬೇಕಾದ್ರೂ ಹೋಗಿ ಇದಕ್ಕ ಎಷ್ಟ್ರೀ, ಇದು ಹೆಂಗ ಮಾಡಿದ್ರಿ ಅಂತ ಕೇಳಬಹುದು. ಗ್ಯಾಲರಿ ಬಾಗಿಲಾಗ ಕಾಲಿಡಾಕ ಹೆದರೋ ಮಂದಿ ಭಾಳ ಅದಾರ, ನಿಮ್ಮ ದೊಡ್ಡಪ್ಪನೂ ಅವರೊಳಗ ಒಬ್ಬ. ಅಂಥಾವರ ಹತ್ರ ಕಾಲೇಜು ತಾನ ಎದ್ದು ಹೋಗೋದು ಕಡಿಮಿ ಕೆಲಸ ಅಲ್ಲ.

ಇನ್ನ ಡಿಸೈನ್ ಕಡೆ ಬರೂಣು. 1958ರಾಗ ನಮ್ಮ ಸರ್ಕಾರ ಅಮೆರಿಕದ ಚಾರ್ಲ್ಸ್ ಈಮ್ಸ್, ರೇ ಈಮ್ಸ್ ಅನ್ನೋ ಡಿಸೈನರ್ ಗಂಡ ಹೆಂಡ್ತಿನ ಕರಿಸಿ, ಈ ದೇಶಕ್ಕ ಎಂಥಾ ಡಿಸೈನ್ ಶಿಕ್ಷಣ ಬೇಕು ಹೇಳ್ರಿ ಅಂತ ಕೇಳ್ತು. ಅವರು ದೇಶ ಎಲ್ಲಾ ಅಡ್ಯಾಡಿ ಒಂದು ಸಣ್ಣ ವರದಿ ಬರ್ದುಕೊಟ್ರು, ಅದರ ಮ್ಯಾಲ 1961ರಾಗ ಅಹಮದಾಬಾದಿನ ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಶುರು ಆತು. ನೀ ಓದಿರ್ತೀ. ಆ ವರದಿಯೊಳಗ ಅವರು ಭಾಳ ಹೊಗಳಿದ್ದು ಯಾವ್ದೋ ದೊಡ್ಡ ಮಷೀನಲ್ಲ, ನಮ್ಮ ನೀರಿನ ಚೊಂಬು! ಎಷ್ಟು ನೀರು ಹಿಡೀಬೇಕು, ತಲಿ ಮ್ಯಾಲ ಹೊರ್ತಾರೋ ಸೊಂಟದ ಮ್ಯಾಲ ಇಟ್ಕೋತಾರೋ, ತುಂಬಿದಾಗ ತೂಕ ಹೆಂಗ ನಿಲ್ಲತೈತಿ, ಖಾಲಿ ಆದಾಗ ಹೆಂಗ, ಸುರಿವಾಗ ಬಾಯಿ ಎಷ್ಟಿರಬೇಕು, ಒಳಗ ಕೈ ಹಾಕಿ ತಿಕ್ಕಾಕ ಬರಬೇಕು, ಬಿಸಿ ಹೆಂಗ ತಾಕತೈತಿ, ಬಡದ್ರ ಸಪ್ಪಳ ಹೆಂಗ ಬರತೈತಿ, ಮುರುದ್ರ ಆ ತಾಮ್ರಕ್ಕ ಎಷ್ಟು ಬೆಲಿ ಸಿಗತೈತಿ, ಇಷ್ಟೆಲ್ಲಾ ಕೇಳ್ತಾರ. ಚೊಂಬನ್ನ ಯಾರೋ ಒಬ್ರು ಡಿಸೈನ್ ಮಾಡ್ಲಿಲ್ಲ, ತಲಿತಲಿಮಾರು ಮಂದಿ ಬಳಸಿ ಬಳಸಿ ತಿದ್ಯಾರ ಅಂತಾರ. ನಿಮ್ಮವ್ವ ದಿನಾ ತಿಕ್ಕೋ ಚೊಂಬಿನ್ಯಾಗ ಅಷ್ಟು ಬುದ್ಧಿ ಐತಿ ಅಂತ ಹೇಳಾಕ ಅವರು ಹೊರಗಿಂದ ಬಂದ್ರು. ಆ ಕಣ್ಣು ನಿನಗ ಬರ್ಲಿ ಅಂತನ ನಿನ್ನ ಕಾಲೇಜಿಗೆ ಕಳಿಸಿದ್ದು.

ಯುಎಕ್ಸ್ ಅಂದಿ. ನಿನ್ನ ಸೀನಿಯರ್ಸ್ ಅದನ್ನ ಆ್ಯಪ್ ಅಷ್ಟ ಅಂತ ತಿಳ್ಕೊಂಡಾರೇನೋ. ನಮ್ಮ ಮತದಾನದ ಮಷೀನ್ ನೋಡು, ಅದರ ರೂಪ ಮಾಡಿದ್ದು ಮುಂಬೈ ಐಐಟಿಯ ಐಡಿಸಿ ಅನ್ನೋ ಡಿಸೈನ್ ವಿಭಾಗದ ಮಾಸ್ತರು, ತಯಾರು ಮಾಡೋದರಾಗ ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಐತಿ. ಅಕ್ಷರ ಬರದ ಮುದುಕಿ ಪರದೆ ಹಿಂದ ಒಬ್ಬಾಕಿನ ನಿಂತು, ಯಾರನ್ನೂ ಕೇಳದ, ತನ್ನ ಚಿಹ್ನಿ ಗುರುತು ಹಿಡಿದು, ಬಾಜೂಕಿನ ನೀಲಿ ಗುಂಡಿ ಒತ್ತಿ, ಬೀಪ್ ಅಂದ ಮ್ಯಾಲ ನನ್ನ ವೋಟು ಬಿತ್ತು ಅಂತ ಗಟ್ಟಿ ಮಾಡ್ಕೊಂಡು ಹೊರಗ ಬರ್ತಾಳ. ಇದಕ್ಕಿಂತ ದೊಡ್ಡ ಯುಎಕ್ಸ್ ಯಾವ್ದೈತಿ ಹೇಳು. ರೂಪಾಯಿ ಚಿಹ್ನಿ ₹ ಮಾಡಿದ ಉದಯಕುಮಾರ್ ಅವರೂ ಅದ ಐಡಿಸಿಯೊಳಗ ಪಿಎಚ್‌ಡಿ ಮಾಡಾಕತ್ತಿದ್ರು, 2010ರಾಗ ಅದು ಆಯ್ಕಿ ಆತು, ಈಗ ನನ್ನ ಪ್ರತಿ ಬಿಲ್ ಬುಕ್ಕಿನ್ಯಾಗೂ ಅಚ್ಚಾಗತೈತಿ.

ನನ್ನಂಥ ಪ್ರಿಂಟರ್‌ಗೆ ಭಾಳ ಹೆಮ್ಮೆ ಕೊಡೋ ಮಾತೊಂದು ಹೇಳ್ತೀನಿ. ನಮ್ಮ ಸಂವಿಧಾನದ ಮೂಲ ಪ್ರತಿ ಇಂಗ್ಲಿಷಿನ್ಯಾಗ ಕೈಯಿಂದ ಬರ್ದವ್ರು ಪ್ರೇಮ್ ಬಿಹಾರಿ ನಾರಾಯಣ ರಾಯಜಾದಾ, ಅದರ ಪುಟಕ್ಕ ಅಂಚು, ಚಿತ್ರ ತುಂಬಿದ್ದು ಶಾಂತಿನಿಕೇತನದ ಕಲಾಭವನದ ನಂದಲಾಲ್ ಬೋಸ್ ಮತ್ತ ಅವರ ಶಿಷ್ಯರು. ಅದನ್ನ ಡೆಹ್ರಾಡೂನಿನ ಸರ್ವೇ ಆಫ್ ಇಂಡಿಯಾದಾಗ ಫೋಟೋಲಿಥೋ ಮಾಡಿ, ಅಂದ್ರ ಪುಟದ ಫೋಟೋ ತಗದು ಪ್ಲೇಟಿಗೆ ಇಳಿಸಿ, ಅಚ್ಚು ಹಾಕಿದ್ರು. ವಿಚಾರ ಮಾಡು ತಂಗಿ, ದೇಶ ಹೊಸದಾಗಿ ಹುಟ್ಟೇತಿ, ಅದರ ಹಿರಿಯ ಪುಸ್ತಕ ಹೆಂಗ ಕಾಣಬೇಕು ಅನ್ನೋ ಕೆಲಸ ಒಂದು ಆರ್ಟ್ ಕಾಲೇಜಿನ ಹುಡುಗರ ಕೈಯಾಗ ಬಂತು. ಅದಕ್ಕೂ ಮೊದ್ಲು 1938ರಾಗ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕ ನಂದಲಾಲರು ಪೋಸ್ಟರ್ ಮಾಡಿದ್ರು, ಅದರಾಗ ನೂಲು ತೆಗಿಯಾಕಿ, ಕುಂಬಾರ, ಬಡಿಗ, ಡೊಳ್ಳು ಬಡಿಯಾಂವ, ಇಂಥಾವರ ಇದ್ರು, ಹಳ್ಳಿ ಮಂದಿ ಬಯಲಾಗ ನಡಕೋತ ನೋಡ್ಲಿ ಅಂತ ಮಾಡಿದ್ದು.

ಈಗ ನನಗ ಸೇರದ ಒಂದು ಮಾತು. ಕಟಗಿ ಗೊಂಬಿಗೆ ಹೆಸರಾದ ಕಿನ್ನಾಳ ಇಲ್ಲೇ ಬಾಜೂಕ ಐತಿ, ನೀ ಸಣ್ಣಾಕಿದ್ದಾಗಿಂದ ಅಲ್ಲಿ ಚಿತ್ರಗಾರರ ಮನಿಗೆ ಹೋಗಿ ಬಂದಾಕಿ. ಪೊಲ್ಕಿ ಮರದ ತುಂಡು ಹಗುರಕ್ಕ ಕೆತ್ತಿ, ಸೆಣಬಿನ ಚಿಂದಿ ನೆನಸಿ, ಒಣಗಿಸಿ, ಪುಡಿ ಮಾಡಿ, ಕಟಗಿ ಹೊಟ್ಟು, ಹುಣಸಿ ಬೀಜದ ಅಂಟು ಕೂಡಿಸಿ ಕಿಟ್ಟ ಮಾಡ್ತಾರ, ಆ ಕಿಟ್ಟದಿಂದ ಗೊಂಬಿಯ ಕೈ ಕಾಲು ಜೋಡಿಸ್ತಾರ, ಮ್ಯಾಲ ಕಲ್ಲಿನ ಪುಡಿಯ ಲೇಪ ಹಚ್ಚಿ ಒಡವಿ ಎದ್ದು ಕಾಣುವಂಗ ಎತ್ತರಸ್ತಾರ, ಆಮ್ಯಾಲ ಬಣ್ಣ. ಮಳಿಗಾಲದಾಗ ಲೇಪ ಒಣಗೋದು ತಡ ಆಗತೈತಿ, ಆರ್ಡರ್ ನಿಲ್ಲತೈತಿ. ಅಲ್ಲಿಗೆ ಯಾವ್ದೋ ಊರಿನ ಡಿಸೈನ್ ಸ್ಟೂಡೆಂಟ್ಸ್ ಬಂದಿದ್ರು, ಛಲೋ ಹುಡುಗರು, ಎಲ್ಲಾ ಫೋಟೋ ತಗೊಂಡ್ರು, ಅಳತಿ ತಗೊಂಡ್ರು, ಆ ಮನಿಯವರು ಕೆಲಸ ಬಿಟ್ಟು ಕುಂತು ಎಲ್ಲಾ ತೋರಿಸಿದ್ರು, ಊಟಕ್ಕೂ ಹಾಕಿದ್ರು. ಪುಸ್ತಕ ಆತಂತ, ಇಂಗ್ಲಿಷಿನ್ಯಾಗ. ಒಂದು ಪ್ರತಿನೂ ಆ ಮನಿಗೆ ಮುಟ್ಟಲಿಲ್ಲ. ಆ ಹುಡುಗರಿಗೆ ಮಾರ್ಕ್ಸ್ ಬಂತು, ಲೈಬ್ರರಿಗೆ ಪುಸ್ತಕ ಬಂತು, ಹೇಳಿಕೊಟ್ಟವರಿಗೆ ಏನು ಬಂತು? ಇದು ನ್ಯಾಯ ಅಲ್ಲವಾ. ನಿನಗೂ ಮುಂದಿನ ವರ್ಷ ಕ್ರಾಫ್ಟ್ ಡಾಕ್ಯುಮೆಂಟೇಶನ್, ಅಂದ್ರ ಹಿಂಗ ಒಂದು ಕಸುಬು ನೋಡಿ ಬರ್ದಿಡೋ ಕೆಲಸ, ಬರತೈತಿ, ಎಲ್ಲಿಗೆ ಹೋಗು, ಕನ್ನಡದಾಗ ಒಂದು ಪ್ರತಿ ಮಾಡು, ಕೆಲಸ ಮಾಡಿದವರ ಹೆಸರು ಮುಖಪುಟದ ಮ್ಯಾಲ ಹಾಕು, ನಾನ ಇಲ್ಲಿ ಅಚ್ಚು ಹಾಕಿ ಕೊಡ್ತೀನಿ, ಪೇಪರ್ ಖರ್ಚು ನಂದು. ಮತ್ತ ಚಂದ ಕಾಣೋದು ಅಷ್ಟ ನೋಡಬ್ಯಾಡ, ಮಳಿಗಾಲದಾಗ ಲೇಪ ಒಣಗಸಾಕ ಸಸ್ತಾ ಗೂಡು ಒಂದು ಮಾಡಕ್ಕಾಗತೈತೇನು, ಕೊರಿಯರಿನ್ಯಾಗ ಗರುಡನ ರೆಕ್ಕಿ ಮುರೀದಂಗ ಡಬ್ಬಿ ಒಂದು ಮಾಡಕ್ಕಾಗತೈತೇನು, ಅದನ್ನ ನೋಡು. ಅವರಿಗೆ ಬೇಕಾದ ಡಿಸೈನ್ ಅದು.

ಬ್ರಾಂಚ್ ವಿಷಯಕ್ಕ ಬರ್ತೀನಿ. ನೀ ಮನಸ್ಸಿನ್ಯಾಗ ಇಟ್ಕೊಂಡಿದ್ದು ವಿಷುವಲ್ ಕಮ್ಯುನಿಕೇಶನ್ (ಚಿತ್ರ, ಅಕ್ಷರದಿಂದ ವಿಷಯ ಮುಟ್ಟಿಸೋ ಡಿಸೈನ್), ಅದರಾಗೂ ಅಕ್ಷರದ ಕೆಲಸ, ಅದು ನನಗ ಗೊತ್ತೈತಿ, ನಿನ್ನ ನೋಟ್‌ಬುಕ್ ಪೂರಾ ಅದ ಅದಾವ. ಅದನ್ನ ತಗೋ. ಯಾಕಂದ್ರ ಆ ಕೊರತಿ ನನ್ನ ಟೇಬಲ್ ಮ್ಯಾಲ ದಿನಾ ಬಂದು ಬೀಳತೈತಿ. ದೊಡ್ಡ ಊರಿನ ಡಿಸೈನರ್ ಮಾಡಿದ ಫೈಲ್ ಬರತೈತಿ, ಲಗ್ನಪತ್ರಿಕೆ, ಇಂಗ್ಲಿಷ್ ಅಕ್ಷರ ಮುತ್ತಿನಂಗ ಇರತಾವ, ಕೆಳಗ "ಶ್ರೀ ಲಕ್ಷ್ಮೀ ವೆಂಕಟೇಶ್ವರ ಪ್ರಸನ್ನ" ಅನ್ನೋದು ಒಡೆದು ಚೂರಾಗಿರತೈತಿ, ಕ್ಷ ಒಂದು ಕಡೆ, ಮ ಒತ್ತು ಇನ್ನೊಂದು ಕಡೆ. ಫೋಟೋಶಾಪಿನ್ಯಾಗ ಸೌತ್ ಏಶಿಯನ್ ಸೆಟ್ಟಿಂಗ್ ಆನ್ ಮಾಡಿರಂಗಿಲ್ಲ, ಅಥವಾ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಿನ್ಯಾಗ ಟೈಪ್ ಮಾಡಿದ್ದನ್ನ, ಬ್ಯಾರೆ ಸಂಕೇತ ಬಳಸೋ ಯೂನಿಕೋಡ್ ಫಾಂಟಿಗೆ ಹಂಗ ಬದಲಿ ಮಾಡಿರ್ತಾರ. ಅದು ಸರಿ ಇದ್ರೂ ಇನ್ನೊಂದು ತೊಂದ್ರಿ, ಲೈನ್ ಸ್ಪೇಸಿಂಗ್ ಇಂಗ್ಲಿಷಿನ ಲೆಕ್ಕದಾಗ ಇಟ್ಟಿರ್ತಾರ, ಕನ್ನಡಕ್ಕ ಕೆಳಗ ಒತ್ತಕ್ಷರ ಇಳೀತಾವ, "ಸ್ವಾತಂತ್ರ್ಯ" ಬರ್ದ್ರ ತ್ರ್ಯ ಹೋಗಿ ಕೆಳಗಿನ ಸಾಲಿನ ಗುಡಿಸಿಗೆ ಬಡೀತೈತಿ. ಔಷಧಿ ಚೀಟಿ, ಬೀಜದ ಪಾಕೀಟು, ಕೀಟನಾಶಕದ ಲೇಬಲ್ಲು ನೋಡು, ಕನ್ನಡನ್ನ ಅಷ್ಟು ಸಣ್ಣದಾಗಿ ತುರುಕಿರ್ತಾರ, ರೈತ ಎಷ್ಟು ಎಂಎಲ್ ಹಾಕಬೇಕು ಅಂತ ಓದಾಕ ಆಗಂಗಿಲ್ಲ. ತಪ್ಪು ಓದಿದ್ರ ಬೆಳಿ ಸುಡತೈತಿ, ಕೈನೂ ಸುಡತೈತಿ. ಇದನ್ನ ಸರಿ ಮಾಡೋರು ಕನ್ನಡ ಓದೋ, ಡಿಸೈನ್ ಕಲಿತ ಮಂದಿನ ಆಗಬೇಕು, ಬ್ಯಾರೆ ಯಾರೂ ಬರಂಗಿಲ್ಲ. ಬಾಲೂ ತಮ್ಮ ಅಂತ ಒಂದು ಕನ್ನಡ ಫಾಂಟ್ ಪುಕ್ಕಟೆ ಸಿಗತೈತಿ ನೋಡು, ದುಂಡಗ, ದಪ್ಪ, ಮುಂಬೈನ ಎಕ್ ಟೈಪ್ ಅನ್ನೋರು ಮಾಡಿದ್ದು, ಅದು ಬಂದ ಮ್ಯಾಲ ನಮ್ಮ ಬೋರ್ಡುಗಳ ಮುಖನ ಬದಲಾತು. ಒಂದು ಅಕ್ಷರಮಾಲಿ ಸರಿ ಮಾಡಿದ್ರ ಎಷ್ಟು ಊರಿಗೆ ಮುಟ್ಟತೈತಿ ನೋಡು.

ಪಗಾರ ಶುರುವಿಗೆ ಸ್ವಲ್ಪ ಕಡಿಮಿ ಬಂದ್ರೂ ಲೋನಿಂದು ನಾ ನೋಡ್ಕೋತೀನಿ, ಆ ಚಿಂತಿ ಬ್ಯಾಡ. ಯುಎಕ್ಸ್ ಎಲೆಕ್ಟಿವ್ ಇದ್ರ ಅದನ್ನೂ ತಗೋ, ಬಸ್ ಟಿಕೆಟ್, ಆಸ್ಪತ್ರಿ ಚೀಟಿ, ರೇಷನ್ ಆ್ಯಪ್, ಎಲ್ಲಾದಕ್ಕೂ ಕನ್ನಡ ಬೇಕಾಗತೈತಿ.

ನೀ ಬರ್ಯಾಕತ್ತಿದ್ದ ದಪ್ಪ ಅಕ್ಷರದ ಸೆಟ್ ಇತ್ತಲ್ಲ, ಅದನ್ನ ಪಿಡಿಎಫ್ ಮಾಡಿ ಕಳಿಸು, ಜೆಪಿಜಿ ಬ್ಯಾಡ. ಎಂಟು, ಹತ್ತು, ಹನ್ನೆರಡು ಪಾಯಿಂಟ್ ಮೂರರಾಗೂ ಹಾಕು, ಒತ್ತಕ್ಷರ ಎಲ್ಲಾ ಇರಲಿ, ಎರಡೆರಡು ಒತ್ತು ಬರೋವೂ ಇರಲಿ. ಇಲ್ಲಿ ಮ್ಯಾಪ್‌ಲಿಥೋ ಪೇಪರಿಗೂ ನ್ಯೂಸ್‌ಪ್ರಿಂಟಿಗೂ ಪ್ರೂಫ್ ತಗದು, ಶಾಯಿ ಎಲ್ಲಿ ತುಂಬಕೋತೈತಿ ಅಂತ ಕೆಂಪು ಪೆನ್ನಿನ್ಯಾಗ ಗುರ್ತು ಹಾಕಿ ಪೋಸ್ಟ್ ಮಾಡ್ತೀನಿ. ಗವಿಮಠದ ಜಾತ್ರಿಗೆ ಬರೋವಾಗ ಟಿಕೆಟ್ ಈಗ ಬುಕ್ ಮಾಡು, ಆಮ್ಯಾಲ ಟ್ರೈನ್ ಸಿಗಂಗಿಲ್ಲ. ಅವ್ವ ಶೇಂಗಾ ಹೋಳಿಗಿ ಕಳಸ್ಯಾಳ, ರೂಮಿನ ಹುಡುಗ್ಯಾರಿಗೂ ಕೊಡು.

ನಿನ್ನ ಅಪ್ಪ